ಆರನೇ ಬಿ ತರಗತಿಯ ಅಳತೆ

ನಮ್ಮ ಮನೆಯವರು ಯಾರಿಗೆ ಏನು ಹೇಳಬೇಕಾದರೂ ಅರ್ಜಿ ಬರೆಯುತ್ತಾರೆ. ಸುಮ್ಮನೆ ಹೇಳುತ್ತಿಲ್ಲ. ಹಾಲು ನೀರಾಗಿದೆ ಎಂದು ಹಾಲಿನವನಿಗೆ ಬಾಯಲ್ಲಿ ಹೇಳಿದ್ದರೆ ಅರ್ಧ ನಿಮಿಷದಲ್ಲಿ ಮುಗಿಯುತ್ತಿತ್ತು. ಇವರು ಬಾಗಿಲಲ್ಲಿ ಪಾತ್ರೆಯ ಕೆಳಗೆ ಒಂದು ಹಾಳೆ ಇಟ್ಟರು. 'ಮಾನ್ಯರೇ, ವಿಷಯ: ಹಾಲಿನ ಗಟ್ಟಿತನ ಕುಂದಿರುವ ಕುರಿತು.' ಓದಿದ ಹಾಲಿನವನು ಯಾವುದೋ ಕೋರ್ಟಿನ ನೋಟೀಸು ಎಂದು ಹೆದರಿ ಎರಡು ದಿನ ನಮ್ಮ ಬೀದಿಗೇ ಬರಲಿಲ್ಲ. ಬೀದಿಯವರೆಲ್ಲ ನಮ್ಮನ್ನು ಶಪಿಸುತ್ತಾ ಹಾಲಿಲ್ಲದ ಚಹಾ ಕುಡಿದರು.

ಮದುವೆಗೆ ಮುಂಚೆ ನನಗೆ ಬರೆದ ಮೊದಲ ಪತ್ರವೂ ಇದೇ ಜಾತಿಯದು. 'ವಿಷಯ: ತಮ್ಮನ್ನು ಮದುವೆಯಾಗುವ ಕುರಿತು.' ಕೆಳಗೆ 'ತಮ್ಮ ವಿಶ್ವಾಸಿ' ಎಂದು ಸಹಿ, ತಾರೀಕು, ಸ್ಥಳ. ನನಗೆ ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಅದೇ ಹಾಳೆಯ ಮೂಲೆಯಲ್ಲಿ 'ಒಪ್ಪಿದೆ' ಎಂದು ಬರೆದು, ಸಹಿ ಹಾಕಿ ವಾಪಸು ಕಳಿಸಿದೆ. ಇವತ್ತಿಗೂ ಅದು ಇವರ ಫೈಲಿನಲ್ಲಿದೆ. ಪುಟ ಒಂದು.

ಇವರು ಕಲಿಸುವುದು ಲೆಕ್ಕ. ಇಪ್ಪತ್ತೊಂಬತ್ತು ವರ್ಷದಿಂದ ಒಂದೇ ಶಾಲೆ, ಒಂದೇ ತರಗತಿ, ಆರನೇ ಬಿ. ಆದರೂ ಬೀದಿಯಲ್ಲಿ ಇವರ ಹೆಸರು ಅರ್ಜಿ ಮೇಷ್ಟ್ರು. ನಲ್ಲಿ ನೀರು ನಿಂತರೆ, ದೀಪ ಕೆಟ್ಟರೆ, ರಜೆ ಬೇಕಾದರೆ ಜನ ನಮ್ಮ ಮನೆಗೇ ಬರುತ್ತಾರೆ. ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಮೆಷಿನ್ನು, ಅದರ ಪಕ್ಕದಲ್ಲಿ ಇವರ ಮೇಜು. ಅಳತೆ ಕೊಡಲು ಬಂದವರು ಅರ್ಜಿ ಬರೆಸಿಕೊಂಡು ಹೋಗುತ್ತಾರೆ, ಅರ್ಜಿಗೆ ಬಂದವರು ಅಂಗಿ ಹೊಲಿಯಲು ಕೊಟ್ಟು ಹೋಗುತ್ತಾರೆ. ಆರನೇ ಬಿ ಮಕ್ಕಳಿಗಂತೂ ಬಿಡುಗಡೆಯೇ ಇಲ್ಲ. ರಜಾ ಅರ್ಜಿ ತಪ್ಪಾಗಿ ಬರೆದು ತಂದ ಮಗುವಿಗೆ ಇವರು ರಜೆ ಕೊಡುತ್ತಾರೆ, ಆದರೆ ವಾಪಸು ಬಂದ ಮೇಲೆ ಅರ್ಜಿಯನ್ನು ಮತ್ತೆ ಬರೆಸುತ್ತಾರೆ.

ಇಂಥ ಮನುಷ್ಯ ಒಂದು ಶುಕ್ರವಾರ ಸಂಜೆ ಮನೆಗೆ ಬಂದು, ಚಪ್ಪಲಿ ಬಿಡುವುದನ್ನೂ ಮರೆತು, ಕುರ್ಚಿಯಲ್ಲಿ ಕುಕ್ಕರಿಸಿದರು. ಮುಖ ಸಪ್ಪೆಯಾಗಿತ್ತು.

"ಏನಾಯ್ತು ರೀ?" ಎಂದೆ.

"ನನ್ನಿಂದ ಆರನೇ ಬಿ ಕಿತ್ಕೋತಾರಂತೆ."

ಶಾಲೆಯ ಮುಖ್ಯೋಪಾಧ್ಯಾಯಿನಿಯನ್ನು ಎಲ್ಲರೂ ದೊಡ್ಡ ಮೇಡಂ ಎನ್ನುತ್ತಾರೆ. ಅವರು ಸಭೆ ಕರೆದು ಹೇಳಿದ್ದಿಷ್ಟು. ಇನ್ನು ಮೇಲೆ ಎಲ್ಲ ಶಿಕ್ಷಕರೂ ಎಐ ಬಳಸಿ ಪಾಠ ಸಿದ್ಧ ಮಾಡಬೇಕು. ಮುಂದಿನ ಶುಕ್ರವಾರ ಒಬ್ಬೊಬ್ಬರೂ ಅಂಥ ಒಂದು ಪಾಠವನ್ನು ಎಲ್ಲರ ಮುಂದೆ ಮಾಡಿ ತೋರಿಸಬೇಕು. ಆಗದವರಿಗೆ ತರಗತಿ ಇಲ್ಲ. ನಮ್ಮ ಮನೆಯವರ ನಿವೃತ್ತಿಗೆ ಒಂದೂವರೆ ವರ್ಷ ಉಳಿದಿದೆ. ಅಷ್ಟು ದಿನ ಆಫೀಸಿನ ಕಿಟಕಿಯಲ್ಲಿ ಕೂತು ಪ್ರಮಾಣಪತ್ರಗಳಿಗೆ ಸೀಲು ಒತ್ತಬಹುದು, ಆರನೇ ಬಿಯನ್ನು ಹೊಸ ಟೀಚರ್ ನೋಡಿಕೊಳ್ಳುತ್ತಾರೆ.

"ಮಕ್ಕಳ ಮುಖ ನೋಡದೆ ಸ್ಕೂಲಿಗೆ ಹೋಗಿ ನಾನೇನು ಮಾಡ್ಲಿ ಹೇಳು," ಎಂದರು. ನಮಗೆ ಮಕ್ಕಳಿಲ್ಲ. ಅದರ ಬಗ್ಗೆ ನಾವು ಮಾತಾಡುವುದನ್ನು ಬಿಟ್ಟು ಬಹಳ ವರ್ಷ ಆಯಿತು. ಪ್ರತಿ ವರ್ಷ ನಲವತ್ತು ಚಿಲ್ಲರೆ ಮಕ್ಕಳು ಆರನೇ ಬಿಗೆ ಬರುತ್ತಾರೆ, ಇವರ ಊಟದ ಹೊತ್ತಿನ ಮಾತೆಲ್ಲ ಅವರದೇ. ನನ್ನ ಸಂಕಟ ತೋರಿಸಿಕೊಂಡರೆ ಇವರು ಇನ್ನಷ್ಟು ಕುಗ್ಗುತ್ತಾರೆ ಎಂದು ಗದರಿದೆ.

"ಮೊದಲು ಚಪ್ಪಲಿ ಬಿಡಿ. ಆ ಎಐ ಹತ್ರ ಕೆಲಸ ತೆಗೆಯೋದು ಹೇಗಂತೆ?"

"ನಮಗೆ ಏನು ಬೇಕೋ ಅದನ್ನ ಬರೆದು ಕೇಳ್ಬೇಕಂತೆ. ಅದಕ್ಕೆ ಪ್ರಾಂಪ್ಟ್ ಅಂತಾರಂತೆ."

ಹೇಳಿದವರು ತಟ್ಟನೆ ನೆಟ್ಟಗೆ ಕೂತರು. ಬರೆದು ಕೇಳುವುದು! ಹುಟ್ಟಿದಾಗಿನಿಂದ ಇವರು ಇನ್ನೇನು ಮಾಡಿದ್ದಾರೆ? ಮುಖ ಊರಗಲವಾಯಿತು. "ಅಯ್ಯೋ, ಇದು ನಮ್ಮ ಕೆಲಸವೇ ಕಣೇ!" ಎಂದು ಪೆನ್ನಿನ ಮುಚ್ಚಳ ತೆಗೆದರು.

ಶನಿವಾರ ಬೆಳಿಗ್ಗೆಯೆಲ್ಲ ಕರಡು, ಮಧ್ಯಾಹ್ನವೆಲ್ಲ ಶುದ್ಧಪ್ರತಿ. ಸಂಜೆ ಅದನ್ನು ಫೋನಿನಲ್ಲಿ ಒಂದೇ ಬೆರಳಿನಿಂದ ಟೈಪು ಮಾಡಿದರು. ಕೋಳಿ ಕಾಳು ಹೆಕ್ಕಿದ ಹಾಗೆ ಒಂದೂವರೆ ಗಂಟೆ ಕುಟ್ಟಿದರು. ನಾನು ಕಣ್ಣಾರೆ ಓದಿದ್ದೇನೆ.

'ಮಾನ್ಯರೇ, ವಿಷಯ: ಭಿನ್ನರಾಶಿ ಪಾಠವೊಂದನ್ನು ದಯಪಾಲಿಸುವ ಕುರಿತು. ಉಲ್ಲೇಖ: ಮುಖ್ಯೋಪಾಧ್ಯಾಯಿನಿಯವರ ಮೌಖಿಕ ಆದೇಶ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ...' ಅರಿಕೆ ಎರಡು ಪುಟ ಸಾಗಿತ್ತು. ತಮ್ಮ ಸೇವಾವಧಿ, ತಮ್ಮ ಕನ್ನಡಕದ ನಂಬರು, ತಮ್ಮ ಶಿಸ್ತು ಎಲ್ಲ ಇತ್ತು. ಮಕ್ಕಳ ಬಗ್ಗೆ ಒಂದಕ್ಷರ ಇರಲಿಲ್ಲ. ಕೊನೆಯಲ್ಲಿ 'ಪ್ರತಿಯನ್ನು ಮಾಹಿತಿಗಾಗಿ ಮುಖ್ಯೋಪಾಧ್ಯಾಯಿನಿಯವರಿಗೆ' ಎಂದೂ ಇತ್ತು.

ಆ ಎಐ ಮಹಾ ಅನುಕರಣೆಗಾರ ಇರಬೇಕು. ಯಾರು ಹೇಗೆ ಮಾತಾಡಿಸುತ್ತಾರೋ ಅದೂ ಹಾಗೇ ಮಾತಾಡುತ್ತದೆ. ಕಣ್ಣು ಮಿಟುಕಿಸುವುದರಲ್ಲಿ ಉತ್ತರ ಬಂತು. 'ಮಾನ್ಯರೇ, ತಮ್ಮ ಪತ್ರ ತಲುಪಿರುತ್ತದೆ. ತಮ್ಮ ಸುದೀರ್ಘ ಸೇವೆಯನ್ನು ಗೌರವದಿಂದ ಗಮನಿಸಲಾಗಿದೆ. ತಮ್ಮ ಮನವಿಯನ್ನು ಸಹಾನುಭೂತಿಯಿಂದ ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು.'

ನಮ್ಮ ಮನೆಯವರಿಗೆ ಆಕಾಶಕ್ಕೆ ಮೂರೇ ಗೇಣು. "ನೋಡ್ದ್ಯಾ! ಇಪ್ಪತ್ತೊಂಬತ್ತು ವರ್ಷದಲ್ಲಿ ಯಾವ ಆಫೀಸಿನವರೂ ನನಗೆ ಇಷ್ಟು ಬೇಗ ಉತ್ತರ ಕೊಟ್ಟಿರ್ಲಿಲ್ಲ!"

ಆಮೇಲೆ ಏನು ಮಾಡಿದರು ಗೊತ್ತೇ? ಕಾದರು. ಅರ್ಜಿ ಹಾಕಿದ ಮೇಲೆ ಕಾಯಬೇಕು, ಅದು ಇವರ ಧರ್ಮ. ಭಾನುವಾರ ಕಾದರು. ಸೋಮವಾರ ಕಾದರು. ಫೋನನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ, ಆಗಾಗ ಬಂದು ಅದರ ಮುಖ ನೋಡಿ ಹೋಗುತ್ತಿದ್ದರು. ಇವರ ತಾಯಿ, ನಮ್ಮ ಅತ್ತೆ, ಮೂಲೆಯ ಮಂಚದಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದರು. ಎಐ ಎಂದರೆ ಯಾವುದೋ ದೊಡ್ಡ ಹುದ್ದೆಯ ಅಧಿಕಾರಿ ಎಂದೇ ಅವರ ತೀರ್ಮಾನ.

"ಆ ಸಾಹೇಬ್ರು ಇನ್ನೂ ಉತ್ತರ ಕೊಟ್ಟಿಲ್ವೇನೋ ಮಗಾ?"

"ಪರಿಶೀಲನೇಲಿದೆ ಅಮ್ಮ."

"ಹೀಗೆ ಕೂತ್ರೆ ಆಗಲ್ಲ. ಖುದ್ದಾಗಿ ಹೋಗಿ ಕಂಡು ಬಾ. ಒಳ್ಳೆ ಅಂಗಿ ಹಾಕ್ಕೊಂಡು ಹೋಗು."

ಮಂಗಳವಾರ ಇವರು 'ಜ್ಞಾಪನಾ ಪತ್ರ ೧' ಕಳಿಸಿದರು. ಉತ್ತರ ಬಂತು: 'ವಿಳಂಬಕ್ಕೆ ವಿಷಾದಿಸುತ್ತೇವೆ. ಸದರಿ ವಿಷಯವು ಪರಿಶೀಲನೆಯ ಅಂತಿಮ ಹಂತದಲ್ಲಿದೆ.' ಇವರು ಅದನ್ನು ಕಾಗದಕ್ಕೆ ಇಳಿಸಿ ಫೈಲಿಗೆ ಸೇರಿಸಿದರು.

ಬುಧವಾರ ಸಂಜೆ ಹೊಸ ಟೀಚರ್ ನನ್ನ ಹತ್ತಿರ ತೋಳು ಬಿಗಿಯಾದ ಅಂಗಿಯ ಹೊಲಿಗೆ ಬಿಚ್ಚಿಸಿಕೊಳ್ಳಲು ಬಂದರು. ಹೌದು, ಅದೇ ಹೊಸ ಟೀಚರ್, ಆರನೇ ಬಿಯನ್ನು ಕಿತ್ತುಕೊಳ್ಳಲಿರುವವರು. ಅವರ ಮೇಲೆ ಕೋಪ ಮಾಡಿಕೊಳ್ಳಬೇಕೆಂದು ಬೆಳಿಗ್ಗೆಯಿಂದ ತಯಾರಾಗಿದ್ದೆ. ಆದರೆ ಆ ಹುಡುಗಿ ಬಾಗಿಲಲ್ಲೇ "ಅಕ್ಕಾ, ನಂಗೆ ಆ ಕ್ಲಾಸು ಬೇಡ. ಸರ್ ಬಿಟ್ಟು ಆ ಮಕ್ಕಳ ಹತ್ರ ನಾನು ಹೋದ್ರೆ ನನ್ನ ಹುರಿದು ಮುಕ್ತಾರೆ," ಎಂದು ಅಳುಮುಖ ಮಾಡಿತು. ಕೋಪ ಎಲ್ಲಿಂದ ಬರಬೇಕು? ಚಹಾ ಕೊಟ್ಟೆ.

ಇವರ ಫೈಲು ನೋಡಿ ಆ ಹುಡುಗಿ ನಗು ತಡೆಯಲು ನನ್ನ ಬಟ್ಟೆ ಚೂರಿನ ರಾಶಿಯಲ್ಲಿ ಮುಖ ಹುದುಗಿಸಿತು. ಆಮೇಲೆ ಹೇಳಿತು. "ಸರ್, ಅಲ್ಲಿ ಯಾರೂ ಪರಿಶೀಲನೆ ಮಾಡ್ತಿಲ್ಲ. ನೀವು ಅರ್ಜಿ ಬರೆದ್ರಿ, ಅದು ಅರ್ಜಿಗೆ ಉತ್ತರ ಬರೀತು, ಅಷ್ಟೇ. ಕೇಳಿದ ತಕ್ಷಣ ಕೊಡುತ್ತೆ. ನೇರವಾಗಿ ಕೇಳಿ. ಮಕ್ಕಳ ಹೆಸರು ಮಾತ್ರ ಹಾಕ್ಬೇಡಿ."

ನಾಲ್ಕು ದಿನ! ಫೋನಿನ ಮುಂದೆ ಕೈಕಟ್ಟಿ ಕಾದದ್ದು ನಾಲ್ಕು ದಿನ! ನಾನು ಬಾಯಿಗೆ ಬಂದ ಹಾಗೆ ಬೈದೆ. ಇವರು ತೆಪ್ಪಗೆ ಬೈಸಿಕೊಂಡರು. ಹೊಸ ಟೀಚರ್ ಹೋದ ಮೇಲೆ ಈ ಸಲ 'ಭಿನ್ನರಾಶಿ ಪಾಠ ಕೊಡು' ಎಂದಷ್ಟೇ ಬರೆದರು. ಅರ್ಜಿಯಿಂದ ಒಮ್ಮೆಲೇ ಏಕವಚನಕ್ಕೆ ಇಳಿದದ್ದಕ್ಕೆ ಇವರಿಗೇ ನಾಚಿಕೆಯಾಗಿ, ಕೊನೆಯಲ್ಲಿ 'ತಪ್ಪು ತಿಳಿಯಬೇಡಿ' ಎಂದು ಸೇರಿಸಿದರು.

ಹನ್ನೊಂದು ಪುಟದ ಪಾಠ ಬಂತು. ಪ್ರತಿ ಗುಂಪಿಗೂ ಒಂದು ಕಂಪ್ಯೂಟರ್ ಕೊಡಿ ಎಂದಿತ್ತು. ಮಕ್ಕಳನ್ನು ವೃತ್ತಾಕಾರದಲ್ಲಿ ಕೂರಿಸಿ ಎಂದಿತ್ತು. ಆರನೇ ಬಿ ಮಕ್ಕಳು ನಲವತ್ತಮೂರು, ಬೆಂಚು ಹಿಡಿಸುವುದು ಮೂವತ್ತಾರು. ಅಲ್ಲಿ ವೃತ್ತ ಮಾಡಬೇಕಾದರೆ ಏಳು ಮಕ್ಕಳನ್ನು ಕಿಟಕಿಗೆ ತೂಗುಹಾಕಬೇಕು.

"ಆಯ್ತು ಬಿಡು, ನನ್ನ ಹಣೇಲಿ ಸೀಲೇ ಬರೆದಿದೆ," ಎಂದು ಇವರು ಫೋನನ್ನು ದೂರ ತಳ್ಳಿದರು.

ನನಗೆ ರೇಗಿತು. ಇವರ ಮೇಲಲ್ಲ, ಆ ಮೂರು ಪದದ ಪ್ರಾಂಪ್ಟಿನ ಮೇಲೆ. ಮೂವತ್ತು ವರ್ಷದಿಂದ ಇಂಥವರನ್ನೇ ನಾನು ನೋಡುತ್ತಿರುವುದು. ಬಟ್ಟೆ ಮೇಜಿನ ಮೇಲೆ ಎಸೆದು "ಒಂದು ಅಂಗಿ ಹೊಲೀರಿ, ಚೆನ್ನಾಗಿರ್ಲಿ" ಎಂದು ಹೊರಟೇಬಿಡುವ ಗಿರಾಕಿಗಳು. ಯಾರಿಗೆ? ಎಷ್ಟು ಉದ್ದ? ಯಾವುದಕ್ಕೆ ಹಾಕಿಕೊಳ್ಳುವುದು? ಕಳೆದ ಸಲದ್ದು ಎಲ್ಲಿ ಹಿಡಿಯಿತು? ಒಂದೂ ಹೇಳುವುದಿಲ್ಲ. ಆಮೇಲೆ ಹೊಟ್ಟೆಯ ಹತ್ತಿರ ಬಿಗಿ ಎಂದು ನನ್ನನ್ನೇ ಬೈಯುತ್ತಾರೆ.

ಅಳತೆ ಪುಸ್ತಕ ತೆಗೆದು ಹೊಸ ಪುಟದ ಮೇಲೆ 'ಆರನೇ ಬಿ' ಎಂದು ಬರೆದೆ. "ಹೇಳ್ರೀ. ಯಾರಿಗೆ?"

"ಯಾರಿಗೆ ಅಂದ್ರೆ?"

"ಪಾಠ ಹಾಕ್ಕೊಳ್ಳೋರು ಯಾರು? ಎಷ್ಟು ಜನ? ಎಷ್ಟು ವಯಸ್ಸು?"

"ನಲವತ್ಮೂರು. ಹನ್ನೊಂದು ವರ್ಷ."

"ಉದ್ದ?"

"ನಲವತ್ತು ನಿಮಿಷ. ಅದ್ರಲ್ಲಿ ಹಾಜರಿಗೆ ಐದು, ನೀರಿನ ಬಾಟ್ಲಿ ಬಿದ್ದಿದ್ದಕ್ಕೆ ಎರಡು. ದಿನಾ ಒಂದು ಬಾಟ್ಲಿ ಬೀಳುತ್ತೆ."

"ಎಲ್ಲಿ ಹಿಡಿಯುತ್ತೆ?"

ಅಷ್ಟು ಕೇಳಿದ್ದೇ ತಡ, ಇವರು ಶುರುಮಾಡಿದರು ನೋಡಿ! ಮೂರನೇ ಬೆಂಚಿನ ಜೋಡಿಯೊಂದಿದೆ. ಎಂಟರಲ್ಲೊಂದು ಭಾಗ ನಾಲ್ಕರಲ್ಲೊಂದು ಭಾಗಕ್ಕಿಂತ ದೊಡ್ಡದು ಎಂದು ಆ ಇಬ್ಬರು ಜೂನ್‌ನಿಂದ ಹಠ ಹಿಡಿದಿದ್ದಾರೆ. ಎಂಟು ನಾಲ್ಕಕ್ಕಿಂತ ದೊಡ್ಡದಲ್ಲವೇ ಎಂದು ಅವರ ವಾದ. ಅವರ ವಾದ ಎಷ್ಟು ಜೋರೆಂದರೆ ಅರ್ಧ ತರಗತಿ ಈಗ ಅವರ ಕಡೆಗಿದೆ. ಕಿಟಕಿಯ ಪಕ್ಕದ ಹುಡುಗಿಗೆ ಉತ್ತರ ಗೊತ್ತಿರುತ್ತದೆ, ಕೈ ಎತ್ತುವುದಿಲ್ಲ, ಬೆರಳು ಮಾತ್ರ ಬೆಂಚಿನ ಮೇಲೆ ಬರೆಯುತ್ತದೆ. ಕೊನೆ ಬೆಂಚಿನ ಇಬ್ಬರಿಗೆ ಬೋರ್ಡು ಕಾಣುವುದಿಲ್ಲ, ಹೇಳಲು ಸಂಕೋಚ. ಬೋರ್ಡಿನ ಎಡಮೂಲೆಗೆ ಸೀಮೆಸುಣ್ಣ ಹತ್ತುವುದಿಲ್ಲ. ಕಂಪ್ಯೂಟರ್ ಇಲ್ಲ, ಹಳೇ ಪೇಪರ್ ಬೇಕಾದಷ್ಟಿದೆ. ಓದಿ ಹೇಳಿದ್ದು ಆ ಮಕ್ಕಳ ತಲೆಗೆ ಹೋಗುವುದಿಲ್ಲ, ಕೈಯಲ್ಲಿ ಮಾಡಿದ್ದು ಮರೆಯುವುದಿಲ್ಲ.

ನಾನು ಬರೆದೆ, ಬರೆದೆ, ಎರಡು ಪುಟ ಬರೆದೆ. ಇವರ ಕಣ್ಣು ಹೊಳೆಯುತ್ತಿತ್ತು. "ಇದನ್ನೇ ಇದ್ದ ಹಾಗೇ ಕುಟ್ಟಿ. ಮಾನ್ಯರೇ ಬೇಡ, ನಿಮ್ಮ ಕನ್ನಡಕದ ನಂಬರೂ ಬೇಡ," ಎಂದೆ.

"ಒಂದು 'ವಿಷಯ' ಹಾಕ್ಲಾ?"

"ಹಾಕ್ಕೊಳ್ಳಿ, ಸಾಯ್ಲಿ."

ಈ ಸಲ ಬಂದದ್ದು ಒಂದೂವರೆ ಪುಟದ ಪಾಠ. ಹಳೇ ಪೇಪರಿನಿಂದ ಒಂದೇ ಉದ್ದದ ಪಟ್ಟಿಗಳು, ಮಡಿಸಿ ಎರಡು, ನಾಲ್ಕು, ಎಂಟು ಭಾಗ, ಪಕ್ಕಪಕ್ಕ ಇಟ್ಟು ನೋಡುವುದು. ಮೂರನೇ ಬೆಂಚಿನ ಜೋಡಿಗೆ ಮೊದಲು ತಮ್ಮ ವಾದ ಮಂಡಿಸಲು ಬಿಡಿ ಎಂದೂ ಇತ್ತು. ಇವರು ಅದನ್ನು ಕಾಗದಕ್ಕೆ ಇಳಿಸಿ, ಅಭ್ಯಾಸಬಲ, ಕೆಂಪು ಪೆನ್ನು ಹಿಡಿದರು. ಪ್ರತಿ ಮಗುವಿಗೂ ಒಂದು ಕತ್ತರಿ ಎಂದಿದ್ದ ಕಡೆ 'ಇವನಿಗೆ ಆರನೇ ಬಿ ಗೊತ್ತಿಲ್ಲ' ಎಂದು ಬರೆದರು. ನಲವತ್ತಮೂರು ಮಕ್ಕಳಿಗೆ ತಲಾ ಆರು ಪಟ್ಟಿ ಎಂದರೆ ಇನ್ನೂರ ನಲವತ್ತೆಂಟು ಎಂದಿದ್ದ ಕಡೆ ಕುರ್ಚಿಯಿಂದ ಎದ್ದೇಬಿಟ್ಟರು. "ಇನ್ನೂರ ಐವತ್ತೆಂಟು ಕಣಯ್ಯಾ!" ಹತ್ತಕ್ಕೆ ಆರು ಅಂಕ ಹಾಕಿ, 'ನಲವತ್ತಮೂರರ ಮಗ್ಗಿ ಮೂರು ಸಲ ಬರೆ' ಎಂದು ಫೋನಿನಲ್ಲಿ ಕುಟ್ಟಿದರು. ಅದು ಪಾಪ, ಮೂರು ಸಲ ಬರೆಯಿತು.

"ಸಾಹೇಬ್ರಿಗೇ ಮಗ್ಗಿ ಬರೆಸ್ತೀಯಾ? ಕೆಲಸ ಹೋಗುತ್ತೆ ಕಣೋ!" ಎಂದು ಅತ್ತೆ ಎದೆ ಹಿಡಿದುಕೊಂಡರು.

ನನ್ನ ಕಸುಬಿನಲ್ಲಿ ಇದಕ್ಕೆ ಟ್ರಯಲ್ ಎನ್ನುತ್ತೇವೆ. ಹಾಕಿ ನೋಡಿ, ಹಿಡಿಯುವ ಕಡೆ ಬಿಚ್ಚಿ, ಮತ್ತೆ ಹೊಲಿ. ಕತ್ತರಿ ಬೇಡ, ಪಟ್ಟಿ ಮನೆಯಲ್ಲೇ ಕತ್ತರಿಸಿ ತರುತ್ತೇನೆ ಎಂದು ಇವರು ತಿಳಿಸಿದರು. ಕೊನೆ ಬೆಂಚಿನವರನ್ನು ಮುಂದೆ ಕರೆಯಲು ಅವಮಾನವಾಗದ ನೆಪ ಕೇಳಿದರು. ಪಟ್ಟಿ ಹಂಚುವ ಕೆಲಸ ಅವರಿಗೇ ಕೊಡಿ ಎಂದಿತು. ಮೂರನೇ ಟ್ರಯಲಿಗೆ ಪಾಠ ಅಂಗಿಯ ಹಾಗೆ ಕೂತಿತು. ನಾನು ಹಳೇ ಪೇಪರುಗಳನ್ನು ನನ್ನ ಟೇಪಿನಲ್ಲಿ ಅಳೆದು ಇನ್ನೂರ ಐವತ್ತೆಂಟು ಪಟ್ಟಿ ಕತ್ತರಿಸಿಕೊಟ್ಟೆ.

ಶುಕ್ರವಾರ ಏನಾಯಿತೆಂದು ನನಗೆ ಹೇಳಿದ್ದು ಹೊಸ ಟೀಚರ್. ತರಗತಿಯ ಹಿಂದೆ ದೊಡ್ಡ ಮೇಡಂ, ಅವರ ಅಕ್ಕಪಕ್ಕ ಶಿಕ್ಷಕರೆಲ್ಲ ಸಾಲಾಗಿ ಕೂತಿದ್ದರಂತೆ. ಪಾಠ ಜೋರಾಗಿ ಸಾಗಿತು. ಎರಡು ನಿಮಿಷದ ನೀರಿನ ಬಾಟಲಿಯೂ ಹೊತ್ತಿಗೆ ಸರಿಯಾಗಿ ಬಿತ್ತು. ಮಕ್ಕಳು ಮಡಿಸಿದರು, ಇಟ್ಟು ನೋಡಿದರು, ಎಂಟರಲ್ಲೊಂದು ಸಣ್ಣದು ಎಂದು ಒಪ್ಪಿದರು. ಮೂರನೇ ಬೆಂಚಿನ ಜೋಡಿ ಮಾತ್ರ ಎದ್ದು ನಿಂತಿತು.

"ಸರ್, ಇದು ಮೋಸ. ಈ ಪಟ್ಟಿ ಮನೇಲೇ ಕತ್ತರಿಸ್ಕೊಂಡು ಬಂದಿದೀರ. ಎಂಟರ ಪಟ್ಟೀನ ಚಿಕ್ಕದು ಮಾಡಿದೀರ."

ನನ್ನ ಟೇಪಿಗೇ ಅನುಮಾನ! ಇರಲಿ. ಪಟ್ಟಿಗಳೆಲ್ಲ ಮಡಿಸಿ ಮುಗಿದಿದ್ದವು, ಸುತ್ತಮುತ್ತ ಒಂದು ಚೂರು ಹೊಸ ಕಾಗದ ಇರಲಿಲ್ಲ. ನಮ್ಮ ಮನೆಯವರು ಆಚೀಚೆ ನೋಡಿದರು. ಕೈಯಲ್ಲಿ ಎಐ ಕೊಟ್ಟ ಪಾಠದ ಹಾಳೆ ಇತ್ತು, ಅದೂ ದೊಡ್ಡ ಮೇಡಂ ಸಹಿ ಮಾಡಿ ಮೇಲಿನ ಆಫೀಸಿಗೆ ಕಳಿಸಬೇಕಾದ ಹಾಳೆ. ಅದನ್ನೇ ಎಲ್ಲರೆದುರು ಉದ್ದಕ್ಕೆ ಪರ್ರನೆ ಹರಿದು ಆ ಇಬ್ಬರ ಕೈಗೆ ಕೊಟ್ಟರು. "ತಗೊಳ್ಳಿ, ನೀವೇ ಅಳೀರಿ, ನೀವೇ ಮಡಿಸಿ."

ಅವರು ಅಳೆದರು, ಮಡಿಸಿದರು. ತುಂಬಾ ಹೊತ್ತು ನೋಡಿದರು. ಗಂಟೆ ಹೊಡೆದರೂ ಯಾರೂ ಏಳಲಿಲ್ಲವಂತೆ. ಕೊನೆಗೆ ಕಿಟಕಿಯ ಪಕ್ಕದ ಹುಡುಗಿ, ವರ್ಷವಿಡೀ ಬಾಯಿ ಬಿಡದವಳು, "ಜಾಸ್ತಿ ಜನ ಹಂಚ್ಕೊಂಡ್ರೆ ಕಡಿಮೆ ಸಿಗುತ್ತೆ ಕಣ್ರೋ," ಎಂದಳು. ಮೂರನೇ ಬೆಂಚು ಕೂತಿತು.

ದೊಡ್ಡ ಮೇಡಂ ಮಾತ್ರ ಎದ್ದು ನಿಂತು ಹೇಳಿದರು: "ಎಐ ಪಾಠ ತೋರಿಸಿ ಅಂದ್ರೆ ಎಐ ಪಾಠಾನೇ ಹರಿದು ಹಾಕಿದ್ರಿ. ಫೈಲಿಗೆ ನಾನೇನು ಚೂರು ಅಂಟಿಸ್ಲಾ? ಆರನೇ ಬಿ ನಿಮಗೋ ಅಲ್ವೋ ಅಂತ ಸೋಮವಾರ ಹೇಳ್ತೀನಿ."

ಆ ಶನಿವಾರ, ಭಾನುವಾರ ನಮ್ಮ ಮನೆಯಲ್ಲಿ ಯಾರಿಗೂ ಊಟ ರುಚಿಸಲಿಲ್ಲ. ಇವರು ನನ್ನ ಗುಂಡಿ ಡಬ್ಬಿಯ ಮುಚ್ಚಳದಿಂದ ಕಾಗದದ ಮೇಲೆ ಸೀಲು ಒತ್ತುವುದನ್ನು ಅಭ್ಯಾಸ ಮಾಡುತ್ತಿದ್ದರು. ಅದನ್ನು ನೋಡಿ ನಾನು ಅಡುಗೆಮನೆಗೆ ಹೋಗಿ ಕಣ್ಣೀರು ಹಾಕಿದೆ. ಬೇರೆ ದಾರಿ ಇದೆಯೇ ಎಂದು ಎಐಯನ್ನೇ ಕೇಳೋಣವೆಂದೆ, ಇವರು ಬೇಡವೆಂದರು.

ಸೋಮವಾರ ಸಂಜೆ ಬಂದವರು ಚಪ್ಪಲಿ ಬಿಟ್ಟರು, ಅದೂ ಜೋಡಿಸಿ. ಕೈಯಲ್ಲಿ ಮಡಿಸಿದ ಒಂದು ಹಾಳೆ.

"ಮಕ್ಕಳು ದೊಡ್ಡ ಮೇಡಂಗೆ ಕೊಟ್ಟಿದ್ದು. ಇದು ನಕಲು," ಎಂದು ನನ್ನ ಮೆಷಿನ್ನಿನ ಮೇಲಿಟ್ಟರು. ಮೂರನೇ ಬೆಂಚಿನ ಜೋಡಿಯದೇ ಕೈಬರಹ.

'ಮಾನ್ಯರೇ, ವಿಷಯ: ನಮ್ಮ ಸರ್‌ನ ನಮಗೇ ಬಿಡುವ ಕುರಿತು. ಉಲ್ಲೇಖ: ಶುಕ್ರವಾರ ನೀವು ಬೈದಿದ್ದು. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರಿಕೆ ಏನೆಂದರೆ, ಸರ್ ಹಾಳೆ ಹರಿದಿದ್ದು ನಮ್ಮಿಂದ. ನಾವು ಎಂಟರಲ್ಲೊಂದು ದೊಡ್ಡದು ಅಂದುಕೊಂಡಿದ್ದೆವು. ಈಗ ಅಂದುಕೊಂಡಿಲ್ಲ. ಹರಿದ ಹಾಳೆಯನ್ನು ಅಂಟಿಸಿ ಇದರ ಜೊತೆ ಇಟ್ಟಿದ್ದೇವೆ. ನಾವು ಒಟ್ಟು ೪೩ ಜನ. ೪೨ ಜನ ಕ್ಲಾಸಲ್ಲಿ ಸಹಿ ಹಾಕಿದ್ದಾರೆ. ಒಬ್ಬನಿಗೆ ಜ್ವರ, ಅವನ ಮನೆಗೆ ಹೋಗಿ ಸಹಿ ಹಾಕಿಸಿದ್ದೇವೆ. ಆದ್ದರಿಂದ ಸರ್ ಬೇಕು ಅನ್ನುವವರು ೪೩/೪೩.'

ಮೂಲೆಯಲ್ಲಿ ದೊಡ್ಡ ಮೇಡಂ ಬರೆದಿದ್ದರು: 'ಒಪ್ಪಿದೆ.' ಕೆಳಗೆ ಸಹಿ.

"ಸಾಹೇಬ್ರು ಉತ್ತರ ಕೊಟ್ರೇನೇ?" ಎಂದು ಅತ್ತೆ ಮಂಚದಿಂದ ಕೂಗಿದರು.

"ಕೊಟ್ರು ಅತ್ತೆ," ಎಂದೆ.

ಇವರು ಆ ಹಾಳೆಯನ್ನು ಮೇಜಿಗೆ ಒಯ್ದು, ಕೆಂಪು ಪೆನ್ನು ತೆಗೆದು, ತಿದ್ದಲು ಕೂತರು. ನಾಲ್ಕು ಕಾಗುಣಿತ ತಿದ್ದಿದರು. ಅಂಚು ಬಿಟ್ಟಿಲ್ಲವೆಂದು ಒಂದು ಗೆರೆ ಎಳೆದರು. ೪೩/೪೩ ಬಂದ ಕಡೆ ಪೆನ್ನು ನಿಂತಿತು. ಬಹಳ ಹೊತ್ತಿನ ಮೇಲೆ ಅದರ ಪಕ್ಕದಲ್ಲಿ 'ಸುಲಭ ರೂಪ = ೧' ಎಂದು ಬರೆದು, ಹತ್ತಕ್ಕೆ ಒಂಬತ್ತೂವರೆ ಅಂಕ ಹಾಕಿದರು. ಕನ್ನಡಕದ ಕೆಳಗಿನಿಂದ ಎರಡು ಹನಿ ಬಿದ್ದು ಆ ಕೆಂಪು ಶಾಯಿ ಕಲಸಿಹೋಯಿತು.

"ಇಷ್ಟು ಮಾಡಿದ ಮಕ್ಕಳಿಗೂ ಅರ್ಧ ಅಂಕ ಕಳೀತೀರಲ್ರೀ, ನಿಮ್ಮದೇನು ಮನಸ್ಸೋ ಕಲ್ಲೋ?" ಎಂದು ಸೆರಗಿನಿಂದ ನನ್ನ ಕಣ್ಣೊರೆಸಿಕೊಂಡೆ.

"ಸುಲಭ ರೂಪಕ್ಕೆ ತರಬೇಕು ಅಂತ ಹೇಳ್ಕೊಟ್ಟಿದೀನಿ ಕಣೇ," ಎಂದು ಮೂಗು ಸೀಟಿದರು. "ನಾಳೆ ಮತ್ತೆ ಬರೆಸ್ತೀನಿ."